ಹಾಯಿದೋಣಿಯ ಚಳಿ, ಇಳಕಲ್ಲಿನ ಬಾಣಂತಿ ಕೋಣೆ

ಬಾಗಲಕೋಟೆ ಜಿಲ್ಲೆಯವನು ಚಳಿ ಬಗ್ಗೆ ಮಾತಾಡ್ತೀನಿ ಅಂದ್ರೆ ಬೆಂಗಳೂರಿನ ಗೆಳೆಯರು ನಗ್ತಾರೆ. ನಗಲಿ. ಏಪ್ರಿಲ್‌ನಲ್ಲಿ ನಮ್ಮನ್ನ ಸುಡೋ ಇದೇ ಬಯಲು, ಡಿಸೆಂಬರ್ ಕೊನೆಗೆ ಬೆಳಗಿನ ಜಾವ ಹಲ್ಲು ಕಟಕಟ ಅನಿಸ್ತದೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತಿನ ಮಾತು ಒಂದು ವಿಚಿತ್ರ ಜಾಗದಿಂದ ಶುರುವಾಗ್ತದೆ. ಹಾಯಿದೋಣಿ. ಗಾಳಿಯಿಂದ ಓಡೋ ಸಮುದ್ರದ ದೋಣಿ, ಅದರ ಹೊಟ್ಟೆಯೊಳಗಿನ ಸಣ್ಣ ಕ್ಯಾಬಿನ್. ಕೊರೆಯೋ ಚಳಿಯಲ್ಲಿ ಆ ಕ್ಯಾಬಿನ್ ಬೆಚ್ಚಗಿಡೋದು ಹೇಗೆ ಅನ್ನೋದು. ನಮಗೂ ಅದಕ್ಕೂ ಏನ್ ಸಂಬಂಧ ಅಂತ ಕೇಳಬಹುದು. ಸಂಬಂಧ ಐತ್ರಿ, ಹೇಳ್ತೀನಿ.

ನಾನು ಇಳಕಲ್ಲಿನವನು. ಡಿಪ್ಲೊಮಾ ಮುಗಿಸಿ ಗೋವಾಕ್ಕೆ ಹೋದೆ. ನಮ್ಮ ಕಡೆಯಿಂದ ಗೋವಾಕ್ಕೆ ಹೋಗೋದು ಹೊಸದೇನಲ್ಲ, ಅಲ್ಲಿನ ಕಟ್ಟಡಗಳ ಗಾರೆಯಲ್ಲಿ ನಮ್ಮ ಜಿಲ್ಲೆಯ ಬೆವರು ಎಷ್ಟಿದೆ ಅಂತ ಅಲ್ಲಿಯವರಿಗೂ ಗೊತ್ತು. ನನಗೆ ಸಿಕ್ಕಿದ್ದು ದೋಣಿ ಕಟ್ಟೋ ಯಾರ್ಡ್‌ನಲ್ಲಿ ಫೈಬರ್ ಕೆಲಸ. ಮ್ಯಾಟ್ ಹಾಸೋದು, ರೆಸಿನ್ ಹಚ್ಚೋದು, ಒಣಗಿದ ಮೇಲೆ ಉಜ್ಜೋದು. ಆರು ವರ್ಷ ಅದೇ ಮಾಡಿದೀನಿ. ನಾನು ಸಮುದ್ರ ಸುತ್ತಿದವನಲ್ಲ, ಸಮುದ್ರ ಸುತ್ತೋರು ಮಲಗೋ ಜಾಗವನ್ನ ಒಳಗಿಂದ ನೋಡಿದವನು. ಅಷ್ಟೇ ನನ್ನ ಅರ್ಹತೆ.

ಗೋವಾದಲ್ಲಿ ಕಟ್ಟಿದ ದೋಣಿಗಳ ಪೈಕಿ ದೊಡ್ಡ ಹೆಸರು 'ಮ್ಹಾದೇಯಿ'. 56 ಅಡಿ ಉದ್ದದ, ನೌಕಾಪಡೆಯ ಹಾಯಿದೋಣಿ. 2009ರಲ್ಲಿ ನೀರಿಗಿಳೀತು. ಅದೇ ವರ್ಷ ಆಗಸ್ಟ್‌ನಲ್ಲಿ ಹೊರಟ ದಿಲೀಪ್ ದೊಂಡೆ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ಆದರು. ಆಮೇಲೆ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ 2012ರ ನವೆಂಬರ್ 1ಕ್ಕೆ ಹೊರಟು, ಎಲ್ಲೂ ನಿಲ್ಲದೆ, 2013ರ ಮಾರ್ಚ್ ಕೊನೆಗೆ ಮುಂಬೈಗೆ ಬಂದರು. ಹೆಸರು ಗಮನಿಸಿದ್ರಾ? ಮ್ಹಾದೇಯಿ ಅಂದ್ರೆ ನಮ್ಮ ಮಹಾದಾಯಿ. ಖಾನಾಪುರದ ಕಾಡಲ್ಲಿ ಹುಟ್ಟಿ ಗೋವಾಕ್ಕೆ ಹೋಗಿ ಮಾಂಡೋವಿ ಅನಿಸ್ಕೊಳ್ಳೋ ಹೊಳೆ. ಅದರ ನೀರಲ್ಲಿ ಒಂದು ಪಾಲು ಮಲಪ್ರಭೆಗೆ ಬರಲಿ ಅಂತ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ರಸ್ತೆಯಲ್ಲಿ ಕೂತರು. ಆ ಮಲಪ್ರಭೆನೇ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರೋದು. ನೀರು ಬರೋದು ಇನ್ನೂ ಬಾಕಿ ಇದೆ, ಹೆಸರಂತೂ ಜಗತ್ತು ಸುತ್ತಿ ಬಂತು.

ಮ್ಹಾದೇಯಿಯ ತಂಗಿ 'ತಾರಿಣಿ'. 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಆರು ಜನ ಮಹಿಳಾ ಅಧಿಕಾರಿಗಳು, ವರ್ತಿಕಾ ಜೋಶಿ ನಾಯಕತ್ವದಲ್ಲಿ, ಅದರಲ್ಲಿ ಹೊರಟು 2018ರ ಮೇ 21ಕ್ಕೆ ವಾಪಸ್ ಬಂದರು. ದಾರಿಯಲ್ಲಿ ದಕ್ಷಿಣ ಅಮೆರಿಕದ ತುದಿ, ಕೇಪ್ ಹಾರ್ನ್. ಅಲ್ಲಿ ಸಮುದ್ರದ ನೀರು ಬೇಸಿಗೆಯಲ್ಲೂ ಏಳೆಂಟು ಡಿಗ್ರಿ. ಈಗ ಯೋಚಿಸಿ. ನೀವು ಮಲಗಿದ ಹಲಗೆ ಪಕ್ಕದಲ್ಲಿ ಒಂದು ಗೋಡೆ, ಗೋಡೆ ಆಚೆ ಆ ನೀರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಶಾಖ ಎಳ್ಕೊಳ್ತದೆ.

ಬಾದಾಮಿಯ ಕಲ್ಲುಬಂಡೆ ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಕೈ ಇಟ್ರೆ ಇನ್ನೂ ಬೆಚ್ಚಗಿರ್ತದೆ. ದಪ್ಪ ಗೋಡೆಯ ಹಳೆ ಮನೆಗಳೂ ಹಾಗೆ. ದೋಣಿಗೆ ಆ ಸುಖ ಇಲ್ಲ. ಗೋಡೆ ತೆಳು, ಶಾಖ ಕೂಡಿಟ್ಕೊಳ್ಳೋ ತೂಕನೇ ಅದಕ್ಕಿಲ್ಲ. ಒಳಗೆ ಏನು ಬಿಸಿ ಮಾಡಿದ್ರೂ ಆರಿಸಿದ ಹತ್ತು ನಿಮಿಷಕ್ಕೆ ಹೋಯ್ತು.

ಆದರೆ ದೋಣಿಯಲ್ಲಿ ಬದುಕೋರನ್ನ ಕೇಳಿದ್ರೆ ಚಳಿಗಿಂತ ಹೆಚ್ಚು ಬೈಯೋದು ಪಸೆಯನ್ನ. ರಿಪೇರಿಗೆ ಬಂದ ಯುರೋಪಿನ ದೋಣಿಗಳ ಹಾಸಿಗೆ ಎತ್ತಿದ್ರೆ ಕೆಳಗೆ ಕರೀ ಬೂಷ್ಟು ಇರ್ತಿತ್ತು. ಮೊದಮೊದಲು ದೋಣಿ ಸೋರಿದೆ ಅಂದ್ಕೊಳ್ತಿದ್ವಿ. ಸೋರಿದ್ದಲ್ಲ, ಮನುಷ್ಯರ ಉಸಿರು ಅದು. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು, ಬೆವರು ಸೇರಿ ಒಂದು ದೊಡ್ಡ ಲೋಟದಷ್ಟು ನೀರನ್ನ ಗಾಳಿಗೆ ಬಿಡ್ತಾನೆ. ಆ ಆವಿ ತಣ್ಣನೆ ಗೋಡೆ ಮುಟ್ಟಿದ ಕೂಡಲೇ ಹನಿ ಆಗ್ತದೆ. ಕಬ್ಬು ಕಡಿಯೋ ಗ್ಯಾಂಗಿನವರ ತಾಡಪತ್ರಿ ಗುಡಿಸಲಲ್ಲಿ ಜನವರಿಯಲ್ಲಿ ಮಲಗಿದವರಿಗೆ ಇದು ಗೊತ್ತು. ಮಳೆ ಇಲ್ಲದೆಯೂ ಬೆಳಗ್ಗೆ ಮೇಲಿಂದ ತೊಟ್ಟಿಕ್ಕುತ್ತೆ. ಹೊದಿಕೆ ಒದ್ದೆಯಾದ್ರೆ ಅದರೊಳಗಿನ ಗಾಳಿ ಹೋಗಿ ನೀರು ಕೂತಿತು ಅಂತಲೇ ಅರ್ಥ. ಆಗ ಎಷ್ಟು ಹೊದ್ದರೂ ಚಳಿ ಬಿಡಲ್ಲ.

ಇಲ್ಲಿ ಒಂದು ಲೆಕ್ಕ, ನನಗೆ ಭಾಳ ಇಷ್ಟವಾದದ್ದು. ಒಂದು ಕಿಲೋ ಅಡುಗೆ ಗ್ಯಾಸ್ ಉರಿದ್ರೆ ಸುಮಾರು ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ತದೆ. ಗ್ಯಾಸಿನಲ್ಲಿರೋ ಹೈಡ್ರೋಜನ್, ಗಾಳಿಯ ಆಮ್ಲಜನಕ ಸೇರಿ ನೀರಾಗ್ತದೆ, ಹೈಸ್ಕೂಲು ಪಾಠ ಇದು. 14.2 ಕಿಲೋದ ನಮ್ಮ ಮನೆ ಸಿಲಿಂಡರ್ ಖಾಲಿಯಾಗೋದ್ರೊಳಗೆ ಇಪ್ಪತ್ತು ಲೀಟರಿಗಿಂತ ಹೆಚ್ಚು ನೀರು ಅಡುಗೆಮನೆ ಗಾಳಿಗೆ ಸೇರಿರ್ತದೆ. ಹಾಗಾಗಿ ಕ್ಯಾಬಿನ್ ಕಾಯಿಸೋಕೆ ಗ್ಯಾಸ್ ಒಲೆ ಹಚ್ಚಿಟ್ರೆ ಆ ಕ್ಷಣಕ್ಕೆ ಬೆಚ್ಚಗಾಗ್ತದೆ, ರಾತ್ರಿ ಅಷ್ಟೂ ನೀರು ಗೋಡೆ ಮೇಲೆ ಇಳೀತದೆ.

ಅನುಭವಸ್ಥ ನಾವಿಕರು ಏನ್ ಮಾಡ್ತಾರೆ? ಮೊದಲು ಹಾಸಿಗೆ ಕೆಳಗೆ. ಹೊದಿಕೆ ಬಗ್ಗೆ ನಾವೆಲ್ಲ ಯೋಚಿಸ್ತೀವಿ, ಹಾಸಿಗೆ ಬಗ್ಗೆ ಯಾರೂ ಯೋಚಿಸಲ್ಲ. ಮೈ ಭಾರಕ್ಕೆ ಹಾಸಿಗೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಗೆ ಹೋಗಿರ್ತದೆ, ಶಾಖ ಕೆಳಗಿಂದಲೇ ಸೋರ್ತದೆ. ಅದಕ್ಕೆ ಹಾಸಿಗೆ ಕೆಳಗೆ ಪಟ್ಟಿ ಪಟ್ಟಿ ಹಲಗೆ ಹಾಕಿ ಗಾಳಿ ಆಡೋ ಹಾಗೆ ಮಾಡ್ತಾರೆ, ಗೋಡೆಗೆ ಫೋಮ್ ಅಂಟಿಸ್ತಾರೆ. ಮೈಮೇಲೆ ಉಣ್ಣೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ಪಸೆ ಹೀರಿದ್ರೂ ಒದ್ದೆ ಅನಿಸಲ್ಲ. ಅಡವಿಯಲ್ಲಿ ಕುರಿ ಹಿಂಡಿನ ನಡುವೆ ಮಲಗೋ ನಮ್ಮ ಕುರುಬ ಅಜ್ಜ ಕರೀ ಕಂಬಳಿ ಬಿಟ್ಟು ಮಿರಮಿರ ಮಿಂಚೋ ಪಾಲಿಯೆಸ್ಟರ್ ರಗ್ಗು ಯಾಕೆ ತಗೊಳ್ಳಲ್ಲ ಅಂತ ಈಗ ತಿಳೀತಲ್ಲ. ಕೌದಿಯೂ ಅಷ್ಟೇ. ಸವೆದ ಹತ್ತಿ ಸೀರೆಗಳನ್ನ ಪದರ ಪದರ ಇಟ್ಟು ಹೊಲಿದಾಗ ಬಟ್ಟೆಗಿಂತ ಹೆಚ್ಚು ಕೆಲಸ ಮಾಡೋದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ.

ಇನ್ನು ರೀಲ್ಸ್ ನೋಡೋರಿಗೆ ಒಂದು ಮಾತು. ಮೇಣದಬತ್ತಿ ಹಚ್ಚಿ ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕಿ, ಕೋಣೆಯೆಲ್ಲ ಬೆಚ್ಚಗಾಯ್ತು ಅಂತ ತೋರಿಸ್ತಾರಲ್ಲ, ದೋಣಿಯವರಲ್ಲೂ ಆ ಹುಚ್ಚಿದೆ. ಕುಂಡ ಶಾಖ ಹುಟ್ಟಿಸಲ್ಲ. ಮೇಣದಬತ್ತಿ ಕೊಡೋದು ಸುಮಾರು 80 ವ್ಯಾಟ್. ನಿದ್ದೆಯಲ್ಲಿರೋ ಮನುಷ್ಯನ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಡ್ತದೆ. ಪಕ್ಕದಲ್ಲಿ ಒಬ್ಬ ಗೆಳೆಯನ್ನ ಮಲಗಿಸ್ಕೊಂಡ್ರೆ ಲೆಕ್ಕ ಸಮ, ಬೆಂಕಿ ಹತ್ತೋ ಭಯವೂ ಇಲ್ಲ. ಗೊರಕೆ ಹೊಡೆದ್ರೆ ಅದು ನಿಮ್ಮ ನಸೀಬು.

ನಿಜವಾಗಿ ಕೆಲಸ ಮಾಡೋದು ಹೊಗೆಕೊಳವೆ ಇರೋ ಹೀಟರ್. ಡೀಸೆಲ್ ಒಂದು ಮುಚ್ಚಿದ ಡಬ್ಬಿಯೊಳಗೆ ಉರೀತದೆ, ಹೊಗೆಯೂ ಆವಿಯೂ ಕೊಳವೆಯಲ್ಲಿ ಹೊರಗೆ ಹೋಗ್ತವೆ, ಒಳಗೆ ಬರೋದು ಒಣ ಬಿಸಿಗಾಳಿ ಮಾತ್ರ. ಅದರ ಜೊತೆ ಕಿಂಡಿ ತೆರೆದಿರಲೇಬೇಕು. ಅಲೆ ಬಡಿಯೋ ದೋಣಿಗೆ ಕಿಂಡಿ ಇಡೋದು ಹೆಂಗಪ್ಪಾ ಅಂದ್ರೆ, ಅದಕ್ಕೆ ಡೊರೇಡ್ ಪೆಟ್ಟಿಗೆ ಅಂತ ಇದೆ. ಸುಮಾರು 95 ವರ್ಷದ ಹಿಂದೆ ಕಟ್ಟಿದ 'ಡೊರೇಡ್' ಅನ್ನೋ ಅಮೆರಿಕದ ಹಾಯಿದೋಣಿಯಿಂದ ಬಂದ ಹೆಸರು. ಗಾಳಿ, ನೀರು ಎರಡೂ ಒಂದು ಪೆಟ್ಟಿಗೆಯೊಳಗೆ ಬರ್ತವೆ, ನಡುವೆ ಒಂದು ಅಡ್ಡಗೋಡೆ, ನೀರು ಕೆಳಗಿನ ತೂತಿಂದ ಹೊರಗೆ ಹರೀತದೆ, ಗಾಳಿ ಮೇಲಿಂದ ಒಳಗೆ ಇಳೀತದೆ. ಮೊದಲ ಸಲ ಅದನ್ನ ಬಿಚ್ಚಿ ನೋಡಿದಾಗ ನನಗೆ ಮೇಲ್ಮುದ್ದೆ ಮನೆಯ ಬೆಳಕಿಂಡಿ ನೆನಪಾಯ್ತು. ಮಣ್ಣಿನ ಮಾಳಿಗೆಯಲ್ಲಿ ಒಂದು ತೂತು, ಹಗಲು ಬೆಳಕು ಕೊಡ್ತದೆ, ಒಲೆ ಹಚ್ಚಿದಾಗ ಹೊಗೆ ಬಿಡ್ತದೆ.

ಚಳಿಗೆ ಹೆದರಿ ಆ ಕಿಂಡಿ ಮುಚ್ಚಿದ್ರೆ? ಇಲ್ಲಿಂದ ಮಾತು ಸ್ವಲ್ಪ ಗಂಭೀರ.

ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಹುಟ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ತದೆ. ಮೊದಲು ತಲೆನೋವು, ಹೊಟ್ಟೆ ತೊಳೆಸೋದು, ತಲೆ ತಿರುಗೋದು. ಎಚ್ಚರ ಇದ್ದವರು ಎದ್ದು ಹೊರಗೆ ಹೋಗಬಹುದು, ಮಲಗಿದವರು ಏಳೋದೇ ಇಲ್ಲ. ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಚರ್ಡ್ ಬರ್ಡ್ 1934ರಲ್ಲಿ ಅಂಟಾರ್ಕ್ಟಿಕಾದ ಒಂದು ಗುಡಿಸಲಲ್ಲಿ ಒಬ್ಬರೇ ಚಳಿಗಾಲ ಕಳೀತಿದ್ರು. ಒಲೆಯ ಹೊಗೆ ಒಳಗೇ ಸೇರ್ಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ರೇಡಿಯೋದಲ್ಲಿ ಅವರ ಸಂದೇಶ ವಿಚಿತ್ರ ಆಗ್ತಿದೆ ಅಂತ ಮುಖ್ಯ ಶಿಬಿರದವರಿಗೆ ಅನುಮಾನ ಬಂದು, ಅವರು ಹುಡುಕ್ಕೊಂಡು ಹೋದ ಮೇಲೆ ಉಳಿದರು. ಒಲೆ ಹಚ್ಚಿದ್ರೆ ವಿಷ, ಆರಿಸಿದ್ರೆ ಚಳಿಗೆ ಸಾವು, ಎರಡರ ನಡುವೆ ಆ ಮನುಷ್ಯ ಎಷ್ಟೋ ರಾತ್ರಿ ಕಳೆದಿದ್ದಾರೆ.

ಅಂಟಾರ್ಕ್ಟಿಕಾ ದೂರ ಆಯ್ತು ಅಂದ್ರೆ ಬೆಳಗಾವಿಗೆ ಬನ್ನಿ. 2025ರ ನವೆಂಬರ್‌ನಲ್ಲಿ ಅಲ್ಲಿ ಒಂದು ಕೋಣೆಯಲ್ಲಿ ಇದ್ದಿಲು ಹಚ್ಚಿ, ಬಾಗಿಲು ಹಾಕಿ ಮಲಗಿದ್ದ ಮೂವರು ಯುವಕರು ಬೆಳಗ್ಗೆ ಏಳಲಿಲ್ಲ. ನಮ್ಮ ನಿಮ್ಮ ವಯಸ್ಸಿನ ಹುಡುಗರು.

ಈಗ ನಮ್ಮ ಮನೆ ವಿಷಯ. ಹೋದ ಜನವರಿಯಲ್ಲಿ ಅಕ್ಕ ಬಾಣಂತನಕ್ಕೆ ಇಳಕಲ್ಲಿಗೆ ಬಂದಿದ್ಲು. ನಾನು ರಜೆ ಹಾಕಿ ಊರಿಗೆ ಹೋದೆ. ಬಾಣಂತಿ ಕೋಣೆ ಹೆಂಗಿತ್ತು ಅಂದ್ರೆ, ಕಿಟಕಿ ಸಂದಿಗೆ ಹಳೆ ಸೀರೆ ತುರುಕಿದ್ರು, ಬಾಗಿಲ ಕೆಳಗೆ ಗೋಣಿಚೀಲ, ಒಳಗೆ ಹಗ್ಗದ ಮೇಲೆ ಕೂಸಿನ ಒದ್ದೆ ಬಟ್ಟೆ, ಹೊರಸಿನ ಕೆಳಗೆ ಕೆಂಡ ತುಂಬಿದ ಶಗಡಿ. ಒಳಗೆ ಕಾಲಿಟ್ಟ ಕೂಡಲೇ ನನಗೆ ದೋಣಿಯ ಕ್ಯಾಬಿನ್ನೇ ಕಣ್ಣಿಗೆ ಬಂತು. ಗೋಡೆ ಕೈಗೆ ಹಸಿ ಹಸಿ.

ಅಕ್ಕನಿಗೆ ಎರಡು ದಿನದಿಂದ ಬೆಳಗ್ಗೆ ತಲೆನೋವು, ವಾಕರಿಕೆ. ಎಲ್ಲರೂ ಥಂಡಿ ಹತ್ತೈತಿ ಅಂತ ಇನ್ನೆರಡು ಕೆಂಡ ಹೆಚ್ಚಿಗೆ ಹಾಕಿದ್ರು. ನಾನು ಒಂದೇ ಪ್ರಶ್ನೆ ಕೇಳಿದೆ.

"ಅಕ್ಕಾ, ಎಣ್ಣಿ ಹಚ್ಚಿಸ್ಕೊಳ್ಳಾಕ ಹಿತ್ತಲಕ್ಕ ಹೋಕ್ಕೀಯಲ್ಲ, ಆಗ ತಲಿ ಹೆಂಗಿರ್ತೈತಿ?"

"ಬಿಸಲಾಗ ಕುಂತ್ರ ಆರಾಮ ಅನಸ್ತೈತೋ ತಮ್ಮಾ. ಮತ್ತ ಒಳಗ ಬಂದ್ರ ಶುರು."

ಇದು ನೆನಪಿಟ್ಕೊಳ್ಳಿ. ಕೋಣೆಯೊಳಗೆ ಬರೋ, ಹೊರಗೆ ಹೋದ್ರೆ ಇಳಿಯೋ ತಲೆನೋವು. ಒಂದೇ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದ್ರೆ ಅನುಮಾನವೇ ಬೇಡ.

ನಾನು ಶಗಡಿ ಎತ್ತೋಕೆ ಹೋದೆ. ಆಯಿ ಅಡ್ಡ ಬಂದಳು.

"ನಿಮ್ಮವ್ವನ್ನ ಹಡದಾಗೂ ಇದ ಶಗಡಿ, ನಿನ್ನ ಹಡದಾಗೂ ಇದ ಶಗಡಿ. ಯಾರ್ ಸತ್ತಾರ ಹೇಳ? ನಾಕ ಅಕ್ಷರ ಕಲ್ತಿ ಅಂತ ಹಸಿ ಬಾಣಂತಿಗೆ ಗಾಳಿ ಬಿಡ್ತಿ?"

ಆಯಿ ಹೇಳಿದ್ದು ಸುಳ್ಳಲ್ಲ. ನಾನು ಆವತ್ತು ರಾತ್ರಿ ಅದನ್ನೇ ಯೋಚಿಸ್ತಾ ಮಲಗಿದೆ. ಇದೇ ಶಗಡಿ ಅಷ್ಟು ವರ್ಷ ಯಾರಿಗೂ ಏನೂ ಮಾಡ್ಲಿಲ್ಲ ಯಾಕೆ? ನಮ್ಮ ಹಳೆ ಮನೆ ಮಾಳಿಗೆ ಮನೆ. ಮೇಲೆ ಬೆಳಕಿಂಡಿ, ಬಾಗಿಲಿಗೆ ಬೆರಳು ತೂರೋವಷ್ಟು ಸಂದಿ, ಜಂತಿ ಗೋಡೆ ಸೇರೋ ಕಡೆ ಗುಬ್ಬಿ ಗೂಡು ಕಟ್ಟೋವಷ್ಟು ಜಾಗ. ಎಂಟು ವರ್ಷದ ಹಿಂದೆ ಅದನ್ನ ಕೆಡವಿ ಆರ್‌ಸಿಸಿ ಹಾಕಿಸಿದ್ವಿ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ನೆಲಕ್ಕೆ ನುಣುಪು ಗ್ರಾನೈಟ್, ಇಳಕಲ್ಲಿನವರಲ್ವಾ. ಧೂಳು ಬರಲ್ಲ, ಇರುವೆ ಬರಲ್ಲ, ಗಾಳಿಯೂ ಬರಲ್ಲ. ಆಯಿ ಪದ್ಧತಿ ಉಳಿಸ್ಕೊಂಡಿದ್ಲು, ಆ ಪದ್ಧತಿಯನ್ನ ಕಾಯ್ತಿದ್ದ ಮನೆಯನ್ನ ನಾವು ಕೆಡವಿದ್ವಿ. ಈ ಮಾತನ್ನ ಆಯಿಗೆ ಹಾಗೇ ಹೇಳಿದಾಗ ಅವಳ ಸಿಟ್ಟು ಅರ್ಧ ಇಳೀತು, ಯಾಕಂದ್ರೆ ತಪ್ಪು ಅವಳದ್ದು ಅಂತ ನಾನು ಹೇಳಲಿಲ್ಲ, ಅವಳದ್ದು ಆಗಿರಲೂ ಇಲ್ಲ.

ಉಳಿದರ್ಧ ಇಳಿಸಿದ್ದು ಒಂದು ಸಣ್ಣ ಡಬ್ಬಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ. ಇಂಗ್ಲೆಂಡಿನ ನದಿ, ಕಾಲುವೆಗಳಲ್ಲಿ ಓಡೋ, ಮಲಗೋ ಜಾಗ ಇರೋ ದೋಣಿಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ ಆಗಿದೆ. ಯಾರ್ಡ್‌ನಲ್ಲಿ ನಾನೇ ಎಷ್ಟೋ ಕ್ಯಾಬಿನ್‌ಗೆ ಸ್ಕ್ರೂ ಹೊಡೆದು ಕೂಡಿಸಿದೀನಿ, ಒಂದು ನನ್ನ ಬ್ಯಾಗಲ್ಲೇ ಇತ್ತು. ಮರುದಿನ ಅಕ್ಕ, ಕೂಸು ಇಬ್ಬರೂ ಪಡಸಾಲೆಯಲ್ಲಿದ್ದಾಗ, ಖಾಲಿ ಕೋಣೆಯಲ್ಲಿ ಶಗಡಿ ಇಟ್ಟು, ಹೊರಸಿನ ಮೇಲೆ ಅಲಾರಂ ಇಟ್ಟು ಬಾಗಿಲು ಹಾಕಿದ್ವಿ. ಕೆಂಡ ನಿಗಿನಿಗಿ ಇತ್ತು, ಚೂರೂ ಹೊಗೆ ಇಲ್ಲ. "ಹೊಗಿನ ಇಲ್ಲ, ವಿಷ ಎಲ್ಲಿಂದ ಬರ್ತೈತಿ?" ಅಂದ್ಲು ಆಯಿ. ಇದೇ ಮೋಸ. ಹೊಗೆಯಾಡೋ ಹಸಿ ಕಟ್ಟಿಗೆ ಕಣ್ಣುರಿಸಿ ನಮ್ಮನ್ನ ಹೊರಗೆ ಓಡಿಸ್ತದೆ. ಹೊಗೆ ಇಲ್ಲದ ಕೆಂಡ ಸುಮ್ಮನೆ ಜೋಗುಳ ಹಾಡ್ತದೆ. ಅರ್ಧ ತಾಸು ಆಗೋದ್ರೊಳಗೆ ಒಳಗಿಂದ ಕಿರಿಕಿರಿ ಕೂಗು ಶುರುವಾಯ್ತು. ಬಾಗಿಲು ತೆರೆದು ಡಬ್ಬಿ ಹೊರಗೆ ತಂದೆ. ಆಯಿ ಸ್ವಲ್ಪ ಹೊತ್ತು ಅದನ್ನೇ ನೋಡಿ, ಅವ್ವನಿಗೆ ಹೇಳಿದ್ಲು, "ಶಗಡಿ ಅಂಗಳದಾಗ ಇಡ."

ಸಂಜೆ ಅಕ್ಕ, ಕೂಸು ಇಬ್ಬರನ್ನೂ ಡಾಕ್ಟರಿಗೆ ತೋರಿಸಿದ್ವಿ. ತೊಂದರೆ ಇಲ್ಲ ಅಂದ್ರು, ಕೋಣೆಯಲ್ಲಿ ಮತ್ತೆ ಬೆಂಕಿ ಇಡಬೇಡಿ ಅಂತ ಆಯಿಗೇ ನೇರ ಹೇಳಿದ್ರು. ಎರಡು ದಿನಕ್ಕೆ ತಲೆನೋವು ನಿಂತಿತು.

ಹಾಗಾದ್ರೆ ಬೆಚ್ಚಗೆ ಹೆಂಗಿಟ್ರಿ ಅಂತ ಕೇಳ್ತೀರಿ. ದೋಣಿಯಲ್ಲಿ ಮಾಡೋದನ್ನೇ ಮಾಡಿದ್ವಿ. ಹೊರಸನ್ನ ಹೊರಗೋಡೆಯಿಂದ ಮೊಳದಷ್ಟು ಸರಿಸಿದ್ವಿ. ಕೆಳಗೆ ಎರಡು ಕೌದಿ, ಮೇಲೆ ಒಂದು ಕೌದಿ, ಅದರ ಮೇಲೆ ಕಂಬಳಿ. ಒದ್ದೆ ಬಟ್ಟೆಯ ಹಗ್ಗ ಮಾಳಿಗೆ ಮೇಲೆ ಹೋಯ್ತು. ಕಿಟಕಿ ನಾಲ್ಕು ಬೆರಳು ತೆರೆದು, ಗಾಳಿ ನೇರ ಹಾಸಿಗೆಗೆ ಬೀಳದ ಹಾಗೆ ಮುಂದೆ ಒಂದು ಸೀರೆ ಇಳಿಬಿಟ್ವಿ. ನಮ್ಮ ಡೊರೇಡ್ ಪೆಟ್ಟಿಗೆ ಅದು. ಅಂಗಳದ ಶಗಡಿ ಮೇಲೆ ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ, ಮಲಗೋ ಮುಂಚೆ ಹಾಸಿಗೆಯಲ್ಲಿಟ್ಟು ಕಾಯಿಸೋದು. ಕೂಸನ್ನ ಮಲಗಿಸುವಾಗ ಚೀಲ ಹೊರಗೆ ತೆಗೀಬೇಕು, ಎಳೆ ಚರ್ಮ ಬೇಗ ಸುಡ್ತದೆ.

ಕೂಸಿಗಂತೂ ತಾಯಿ ಎದೆಗಿಂತ ಒಳ್ಳೆ ಹೀಟರ್ ಇಲ್ಲ. ಇದನ್ನ ಭಾವುಕನಾಗಿ ಹೇಳ್ತಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆ ಇರೋ ಕೂಸುಗಳನ್ನ ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿ ನೋಡಿದ್ರು. ಈಗ ಅದಕ್ಕೆ ಕಾಂಗರೂ ಆರೈಕೆ ಅಂತ ಹೆಸರು, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನ ಶಿಫಾರಸು ಮಾಡ್ತದೆ. ಇಳಕಲ್ಲಿನ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಇದನ್ನ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ದೊಡ್ಡ ಮಟ್ಟದಲ್ಲಿ ಜಾರಿಗೆ ತಂದು ಅಧ್ಯಯನ ಮಾಡಿದ್ದಾರೆ. ಅಕ್ಕನಿಗೆ ಆಶಾ ಕಾರ್ಯಕರ್ತೆ ಕಲಿಸಿಕೊಟ್ರು. ಕೂಸಿನ ತಲೆಗೆ ಕುಲಾವಿ, ಬೆನ್ನ ಮೇಲೆ ಕಂಬಳಿ, ಎದೆ ಮೇಲೆ ನಿದ್ದೆ. ಅಕ್ಕ ಎಚ್ಚರ ಇರೋ ತನಕ ಅದೇ ಹಾಸಿಗೆ.

ಲೋಬಾನ ಹಾಕೋಕೆ ಮಾತ್ರ ಆಯಿ ಸಂಜೆ ಬಾಗಿಲು ತೆರೆದಿಟ್ಟು, ಐದು ನಿಮಿಷ ಶಗಡಿ ಒಳಗೆ ತರ್ತಿದ್ಲು. ಅದೂ ಬೇಡ ಅಂದೆ. ಆ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಕಾಕಾನ ಮಗ ಗ್ರಾನೈಟ್ ಲಾರಿ ಓಡಿಸ್ತಾನೆ. ಹುನಗುಂದ, ಇಳಕಲ್ಲಿಂದ ಹೊಸಪೇಟೆ, ಚಿತ್ರದುರ್ಗದ ದಾರಿ. ಈ ಕಥೆ ಕೇಳಿ, "ನಾವು ಕ್ಯಾಬಿನ್ ಒಳಗ ಸಣ್ಣ ಸ್ಟೋವ್ ಹಚ್ಚಿ ಚಾ ಮಾಡಿ, ಹಂಗ ಗ್ಲಾಸ್ ಏರಿಸಿ ಮಲಗ್ತೀವಲ್ಲೋ" ಅಂದ. ಲಾರಿ ಕ್ಯಾಬಿನ್ ಹಾಯಿದೋಣಿ ಕ್ಯಾಬಿನ್‌ಗಿಂತಲೂ ಚಿಕ್ಕದು. ಸ್ಟೋವ್ ಕೆಳಗಿಳಿಸಿ ಗಾಲಿ ಮರೆಗೆ ಹಚ್ಚೋದು, ಗಾಳಿ ಬೀಸದ ಕಡೆಯ ಗ್ಲಾಸ್ ಎರಡು ಬೆರಳು ಇಳಿಸೋದು, ಎಂಜಿನ್ ಚಾಲೂ ಇಟ್ಟು ಮಲಗದೇ ಇರೋದು, ಇಷ್ಟು ಸಾಕು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರೋರಿಗೂ ಇದೇ ಮಾತು. ಗೀಸರ್ ಹೊರಗಿನ ಗೋಡೆಗೆ ಹೋಗಲಿ, ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಯಾರಾದ್ರೂ ಮುಚ್ಚಿದ ಕೋಣೆಯಲ್ಲಿ ಬೆಂಕಿ ಪಕ್ಕ ಎಚ್ಚರ ತಪ್ಪಿ ಬಿದ್ದಿದ್ರೆ ಮೊದಲು ಬಾಗಿಲು ಕಿಟಕಿ ತೆಗೀರಿ, ಅವರನ್ನ ಬಯಲಿಗೆ ಎಳ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ, ಬೆಂಕಿ ಹೊಗೆ ಅಂತ ಬಿಡಿಸಿ ಹೇಳಿ. ಒಳಗೇ ಕೂತು ಮುಖಕ್ಕೆ ನೀರು ಚಿಮುಕಿಸಬೇಡಿ, ಆಗ ನೀವೂ ಬೀಳ್ತೀರಿ.

ಅಲಾರಂ ತಗೊಳ್ಳೋರು ಮಲಗಿದಾಗ ತಲೆ ಇರೋ ಎತ್ತರಕ್ಕೆ ಇಡಿ, ಒಲೆ ಮೇಲಲ್ಲ. ವಾರಕ್ಕೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಕೆಲವು ವರ್ಷಕ್ಕೆ ಅದರ ಸೆನ್ಸರ್ ಆಯುಷ್ಯ ಮುಗೀತದೆ, ಬದಲಿಸಬೇಕಾದ ತಾರೀಖು ಡಬ್ಬಿ ಹಿಂದೆಯೇ ಇರ್ತದೆ, ನೋಡಿ ತಗೋರಿ. ನಮ್ಮ ಮನೆಯದ್ದನ್ನ ಆಯಿ 'ಹಲ್ಲಿ' ಅಂತ ಕರೀತಾಳೆ, ಬ್ಯಾಟರಿ ಇಳಿದಾಗ ಲೊಚಗುಡ್ತದೆ ಅಂತ. ಮುಂದಿನ ವಾರ ಸಿಗೋಣ.